ಬೆಕ್ಕಿಗಿಂತ ಗರಗಸ ಸುಲಭ

ಹೆಸರುಗಳನ್ನು ಬದಲಾಯಿಸಿದ್ದೇನೆ, ಜಗಳವನ್ನು ಬದಲಾಯಿಸಿಲ್ಲ. ನಮ್ಮ ‘ಸಾಲಿಗ್ರಾಮದ ಮನೆ’ ಗುಂಪಿನಲ್ಲಿ 31 ಜನ ಇದ್ದೇವೆ. ಮಾತಾಡುವವರು ಆರೇ ಜನ, ಉಳಿದವರು ಬರೀ ನೀಲಿ ಟಿಕ್ಕು. ನಾನು ಅಡ್ಮಿನ್, ಅಂದರೆ ಎಲ್ಲರ ಬೈಗುಳಕ್ಕೂ ಹಕ್ಕುದಾರ.

ಶನಿವಾರ ರಾತ್ರಿ ನನ್ನ ತಂಗಿ ಶ್ರುತಿ ಒಂದು ಫೋಟೋ ಹಾಕಿದಳು. ಅವಳ ಮಗಳು ಆದ್ಯ ಹೊಟ್ಟೆಯಡಿ ದಿಂಬು ಇಟ್ಟುಕೊಂಡು ನೆಲದ ಮೇಲೆ ಬೋರಲು ಮಲಗಿದ್ದಾಳೆ, ಮುಂದೆ ಏಳೆಂಟು ಚಿತ್ರದ ಪುಸ್ತಕ. ‘ಕನ್ನಡ ಓದೋಕೆ ಶುರು ಮಾಡಿದ್ದಾಳೆ. ಇನ್ನು ಎಂಥ ಪುಸ್ತಕ ತರ್ಲಿ, ಹೇಳಿ’ ಎಂದು ಕೇಳಿದ್ದಳು. ಹದಿನಾರು ಹಾರ್ಟು ಬಂತು, ಉತ್ತರ ಒಂದೂ ಬರಲಿಲ್ಲ. ಬೆಳಗಾಯಿತು.

ಸುಮತ್ತೆ, 6:42
(ಹಲವು ಬಾರಿ ಫಾರ್ವರ್ಡ್ ಆಗಿದೆ)
🙏 ಪೋಷಕರೇ ಎಚ್ಚರ!! 🙏 ಜಪಾನಿನಲ್ಲಿ 7 ವರ್ಷದ ತನಕ ಮಕ್ಕಳ ಕೈಗೆ ಚಿತ್ರದ ಪುಸ್ತಕ ಕೊಡುವುದೇ ಇಲ್ಲ! ಚಿತ್ರ ನೋಡಿದ ಮೆದುಳು ಅಕ್ಷರ ನೋಡಲು ಸೋಮಾರಿಯಾಗುತ್ತದೆ ಎಂದು ವಿಜ್ಞಾನಿಗಳು ಸಾಬೀತು ಮಾಡಿದ್ದಾರೆ!! ನಮ್ಮ ಹಿರಿಯರಿಗೆ ಇದು ಮೊದಲೇ ಗೊತ್ತಿತ್ತು. ಕನಿಷ್ಠ 10 ಜನರಿಗೆ ಕಳಿಸಿ 🚩

ಸುಮತ್ತೆ, 6:43
ಯಾರಿಗೂ ಅಂತ ಹೇಳಿದ್ದಲ್ಲ. ಸುಮ್ನೆ ಬಂತು, ಕಳಿಸ್ದೆ.

ರಘು ಭಾವ, 7:05
ಯಾವ ವಿಜ್ಞಾನಿ ಅತ್ತೆ? ಹೆಸರು? ಮೂಲ?

ಸುಮತ್ತೆ, 7:06
ನಮ್ಮ ಯೋಗ ಕ್ಲಾಸಿನ ಗುಂಪಲ್ಲಿ ಬಂತಪ್ಪ. ಅಲ್ಲಿ ಡಾಕ್ಟರೂ ಇದ್ದಾರೆ.

ರಘು ಭಾವ, 7:11
ಟೋಕಿಯೊದಲ್ಲಿ ಮಕ್ಕಳ ಚಿತ್ರಪುಸ್ತಕದ ಕಲೆಗೇ ಅಂತ ಒಂದು ಮ್ಯೂಸಿಯಂ ಇದೆ. ಚಿಹಿರೊ ಮ್ಯೂಸಿಯಂ, 1977ರಲ್ಲಿ ತೆರೆದದ್ದು. ಚಿತ್ರದ ಪುಸ್ತಕ ಕೊಡದ ದೇಶ ಅದನ್ನ ಯಾಕೆ ಕಟ್ಟುತ್ತೆ?

ಸುಮತ್ತೆ, 7:12
ಅದು ದೊಡ್ಡವರು ನೋಡೋಕಿರಬಹುದು.

(ಭಾವ ಒಂದು ಲಿಂಕ್ ಹಾಕಿದರು. ಯಾರೂ ಒತ್ತಲಿಲ್ಲ. ನಾನೂ ಒತ್ತಲಿಲ್ಲ.)

ದೊಡ್ಡಪ್ಪ, 7:40
ಎಲ್ಲರಿಗೂ ಶುಭೋದಯ. ಜಪಾನಿನ ವಿಷಯ ನನಗೆ ತಿಳಿಯದು. ಆದರೆ ಪುಸ್ತಕ ಆರಿಸುವುದು ಮಗುವಿನ ಕೆಲಸವಲ್ಲ. ಮೊದಲು ಅ ಆ ಇ ಈ, ಬಳಿಕ ಕಾಗುಣಿತ, ಬಳಿಕ ಒತ್ತಕ್ಷರ, ಅನಂತರ ಪುಸ್ತಕ. ಅದರಲ್ಲೂ ನೀತಿಯಿಲ್ಲದ ಕಥೆ ಉಪ್ಪಿಲ್ಲದ ಸಾರು. ಆದ್ಯಳಿಗೆ ನಾನು ಕೊಟ್ಟ ಭಾರತ-ಭಾರತಿ ಮಾಲೆಯ ಮಹಾಪುರುಷರ ಪುಟ್ಟ ಪುಸ್ತಕಗಳು ಏನಾದವು?
- ಇಂತಿ, ದೊಡ್ಡಪ್ಪ

(ದೊಡ್ಡಪ್ಪ ನಿವೃತ್ತ ಹೆಡ್‌ಮಾಸ್ಟರು. ಪ್ರತಿ ಮೆಸೇಜಿಗೂ ಸಹಿ ಇರುತ್ತದೆ. ‘ಸರಿ’ ಅಂತ ಒಂದೇ ಪದ ಬರೆದಾಗಲೂ.)

ಶ್ರುತಿ, 7:52
ಇದಾವೆ ದೊಡ್ಡಪ್ಪ, ಬೀರುವಲ್ಲಿ. ಒಟ್ಟು 510 ಪುಸ್ತಕದಲ್ಲಿ ನೀವು 25 ಕೊಟ್ರಿ. ಒಂದನ್ನ ತೆಗೆದು ಓದಿಸೋಕೆ ಕೂತೆ. ಮೊದಲ ಪುಟದಲ್ಲೇ ‘ಸ್ವಾತಂತ್ರ್ಯ’ ಬಂತು. ‘ಇದಕ್ಯಾಕಮ್ಮ ಇಷ್ಟೊಂದು ಬಾಲ’ ಅಂತ ಕೇಳಿ ಎದ್ದು ಹೋದ್ಲು. ಸ್ವಲ್ಪ ದೊಡ್ಡೋಳಾದ್ಮೇಲೆ ಓದ್ತಾಳೆ.

ದೊಡ್ಡಪ್ಪ, 7:55
ಬಾಲವಲ್ಲ, ಒತ್ತು.
- ಇಂತಿ, ದೊಡ್ಡಪ್ಪ

ಗಿರಿ, 8:20
ಗುಡ್ ಮಾರ್ನಿಂಗ್! ಏನ್ ವಿಷಯ? ಮಕ್ಕಳ ಪುಸ್ತಕನಾ? ಅಯ್ಯೋ, ನಮಗೆಲ್ಲ ತಾತನ ಚಂದಮಾಮ ಸಾಕಿತ್ತು ಕಣ್ರೋ. ಬೇತಾಳನ್ನ ಹೆಗಲ ಮೇಲೆ ಹಾಕ್ಕೊಂಡು ರಾಜ ಕತ್ತಿ ಹಿಡಿದು ನಡೀತಾನಲ್ಲ, ಆ ಚಿತ್ರ! ಅದನ್ನ ನೋಡಿ ನಾನು ಎರಡು ವರ್ಷ ರಾತ್ರಿ ಒಬ್ಬನೇ ಹಿತ್ತಲಿಗೆ ಹೋಗ್ಲಿಲ್ಲ 😂 ಜಗಲಿ ಮೇಲೆ ಅಜ್ಜಿ ಕಡ್ಲೆಪುರಿ ಕೊಡೋರು...

ರಘು ಭಾವ, 8:22
ಹಂಗಾದ್ರೆ ನೀನು ಚಿತ್ರ ನೋಡ್ತಾನೇ ಓದೋಕೆ ಕಲ್ತಿದ್ದು. ನಿಮ್ಮಮ್ಮನ ಫಾರ್ವರ್ಡ್ ಪ್ರಕಾರ ನಿನ್ನ ಮೆದುಳು ಸೋಮಾರಿ.

ಗಿರಿ, 8:22
ಅದನ್ನ ಅಮ್ಮ ದಿನಾ ಹೇಳ್ತಾರೆ ಭಾವ, ಅದಕ್ಕೆ ಜಪಾನ್ ಬೇಕಾಗಿಲ್ಲ

(ಇಲ್ಲಿಗೆ ನಿಲ್ಲಿಸಿದ್ದರೆ ಎಲ್ಲರೂ ನಗುತ್ತಾ ತಿಂಡಿಗೆ ಏಳುತ್ತಿದ್ದೆವು. ಆದರೆ ಅದೇ ಹೊತ್ತಿಗೆ ವೀಣಕ್ಕ ಟೈಪ್ ಮಾಡುತ್ತಿದ್ದಳು. ಹನ್ನೆರಡು ನಿಮಿಷ ‘ಟೈಪ್ ಮಾಡುತ್ತಿದ್ದಾರೆ’ ಎಂದು ಬರುತ್ತಲೇ ಇತ್ತು. ಅವಳು ದೊಡ್ಡಪ್ಪನ ಮಗಳು, ರಘು ಭಾವನ ಹೆಂಡತಿ, ಪಿರಿಯಾಪಟ್ಟಣದ ಕಡೆ ಸರ್ಕಾರಿ ಶಾಲೆಯಲ್ಲಿ ನಲಿಕಲಿ ಟೀಚರ್. ನಲಿಕಲಿ ಅಂದರೆ ಚಿಕ್ಕ ಮಕ್ಕಳಿಗೆ ಆಟ, ಹಾಡು, ಕಾರ್ಡುಗಳ ಮೂಲಕ ಕಲಿಸುವ ಕ್ರಮ. ಇಡೀ ಗುಂಪಿನಲ್ಲಿ ದಿನಾ ಮಕ್ಕಳಿಗೆ ಓದು ಕಲಿಸುವವಳು ಅವಳೊಬ್ಬಳೇ. ಅವಳನ್ನು ಯಾರೂ ಕೇಳಿರಲಿಲ್ಲ.)

ವೀಣಕ್ಕ, 8:34
ಶ್ರುತಿ, ನೀನು ಕೇಳಿದ್ದಕ್ಕೆ ಹೇಳ್ತೀನಿ. ಇಂಗ್ಲಿಷಲ್ಲಿ ಕ್ಯಾಟ್ ಅನ್ನೋದು ಮೊದಲ ಪಾಠ. ಕನ್ನಡದಲ್ಲಿ ಬೆಕ್ಕು ಮೊದಲ ಪಾಠ ಆಗಲ್ಲ. ಬ-ಗೆ ಎತ್ವ ಬೇಕು, ಕ-ಗೆ ಕೊಂಬು, ಕೆಳಗೆ ಇನ್ನೊಂದು ಕ-ದ ಒತ್ತು. ಗರಗಸ ಉದ್ದ ಕಾಣುತ್ತೆ, ಆದ್ರೆ ಬೆಕ್ಕಿಗಿಂತ ಸುಲಭ. ಅದಕ್ಕೇ ನಲಿಕಲಿಯಲ್ಲಿ ರ ಗ ಸ ದ ಅ ಇಂದ ಶುರು ಮಾಡ್ತೀವಿ. ಈ ಐದರಲ್ಲೇ ಸರ, ದರ, ಅರಸ, ಅಗಸ, ಗರಗಸ ಎಲ್ಲ ಆಗುತ್ತೆ. ವರ್ಣಮಾಲೆ ಪೂರ್ತಿ ಮುಗಿಯೋ ತನಕ ಕಾಯದೇ ಮಗು ಪದ ಓದುತ್ತೆ. ಆ ಮುಖ ನೀನು ನೋಡ್ಬೇಕು.
ಅಂಗಡಿಗೆ ಅವಳನ್ನೇ ಕರ್ಕೊಂಡು ಹೋಗು. ಪುಸ್ತಕದ ನಡುವಿನ ಒಂದು ಪುಟ ತೆಗೆದು ಓದೋಕೆ ಹೇಳು. ಗೊತ್ತಿಲ್ಲದ ಅಕ್ಷರ, ಒತ್ತು ಸಿಕ್ಕಿದಾಗೆಲ್ಲ ಒಂದು ಬೆರಳು ಮಡಚಲಿ. ಒಂದೆರಡು ಮಡಚಿದ್ರೆ ಅವಳೇ ಓದೋ ಪುಸ್ತಕ. ಐದೂ ಮಡಚಿದ್ರೆ ನೀನು ಓದಿ ಹೇಳೋ ಪುಸ್ತಕ. ಎರಡೂ ತಗೋ. ಒಂದೇ ಸಾಲು ಮತ್ತೆ ಮತ್ತೆ ಬರೋ ಕಥೆ ಇದ್ರೆ ಬಿಡ್ಬೇಡ, ಮೂರನೇ ಸಲಕ್ಕೆ ಅವಳೇ ಮುಂದೆ ಓಡ್ತಾಳೆ. ಪ್ರಥಮ್ ಬುಕ್ಸಿನ ಸ್ಟೋರಿವೀವರ್ ವೆಬ್‌ಸೈಟಲ್ಲಿ ಕನ್ನಡದ್ದು ಬಿಟ್ಟಿ ಸಿಗುತ್ತೆ, ಮೊದಲ ಹಂತದ್ದು 250 ಪದದೊಳಗೆ. ಆದ್ರೆ ಹಂತ ನೋಡಿ ನಂಬ್ಕೋಬೇಡ. ಬೇರೆ ಭಾಷೆಯಿಂದ ಬಂದದ್ದಾದ್ರೆ ಪದ ಕಮ್ಮಿ ಇರುತ್ತೆ, ಒತ್ತು ರಾಶಿ ಇರಬಹುದು.
ಇಷ್ಟೆಲ್ಲ ಹೇಳಿದ್ನಾ? ನಮ್ಮ ಶಾಲೆಯಲ್ಲಿ ಒಬ್ಬ ಇದ್ದಾನೆ. ಕಾರ್ಡಲ್ಲಿ ‘ಅರಸ’ ಅನ್ನೋಕೆ ತಡವರಿಸ್ತಾನೆ, ಬಸ್ಸಿನ ಬೋರ್ಡಲ್ಲಿ ‘ಚುಂಚನಕಟ್ಟೆ’ ಅಂತ ಒಂದೇ ಉಸಿರಿಗೆ ಓದ್ತಾನೆ. ಅವರಪ್ಪ ಆ ಬಸ್ಸಿನ ಡ್ರೈವರ್ರು.

(ಎರಡು ಹೆಬ್ಬೆಟ್ಟು ಬಂತು. ಒಂದು ನನ್ನದು.)

ರಘು ಭಾವ, 8:36
ಅಕ್ಷರದ ವಿಷಯಕ್ಕೆ ಮೂಲ?

ವೀಣಕ್ಕ, 8:37
ಮಕ್ಕಳ ಓದಿನ ಬಗ್ಗೆ ಸಂಶೋಧನೆ ಮಾಡೋ ಸೊನಾಲಿ ನಾಗ್ ಅನ್ನೋರು 2007ರಲ್ಲಿ ಬರೆದಿದ್ದಾರೆ. ಕನ್ನಡದ ಅಕ್ಷರ ಎಲ್ಲ ಕೈಗೆ ಬರೋಕೆ ಮೂರನೇ, ನಾಲ್ಕನೇ ಕ್ಲಾಸು ಆಗುತ್ತೆ, ಇಂಗ್ಲಿಷಿನ ಇಪ್ಪತ್ತಾರರ ಹಾಗೆ ಬೇಗ ಮುಗಿಯಲ್ಲ ಅಂತ. ಇನ್ನೂ ಮೂಲ ಬೇಕಾದ್ರೆ ಅಡುಗೆಮನೆಗೆ ಬನ್ನಿ, ಈರುಳ್ಳಿ ಹೆಚ್ಚೋದಿದೆ.

ದೊಡ್ಡಪ್ಪ, 8:41
ವೀಣಾ, ರಗಸದ ಎಂದು ಶುರು ಮಾಡುವುದು ಯಾವ ಕ್ರಮ? 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಈ ನಲಿಕಲಿ ಹುಟ್ಟಿದಾಗ ನಾನು ಅಲ್ಲೇ ಇದ್ದೆ. ಅಂದೇ ವಿರೋಧಿಸಿದ್ದೆ. ವರ್ಣಮಾಲೆಯ 49 ಅಕ್ಷರಗಳಿಗೆ ಒಂದು ಶಾಸ್ತ್ರವಿದೆ.
- ಇಂತಿ, ದೊಡ್ಡಪ್ಪ

ವೀಣಕ್ಕ, 8:43
ಅಪ್ಪ, ಆ ಕಾರ್ಡುಗಳನ್ನ ರಾತ್ರಿ ಕೂತು ಬರೀತಿದ್ದದ್ದು ನೀವೇ. ಗರಗಸದ ಚಿತ್ರಕ್ಕೆ ಬಣ್ಣ ತುಂಬಿದ್ದು ನಾನು. ಹಲ್ಲಿಗೆ ಹಸಿರು ಬಳಿದೆ ಅಂತ ಬೈದಿದ್ರಿ.

ದೊಡ್ಡಪ್ಪ, 8:50
ಅದು ಇಲಾಖೆಯ ಆದೇಶ.

(ಸಹಿ ಇಲ್ಲ. ಮೂರು ವರ್ಷದಲ್ಲಿ ಮೊದಲ ಸಲ.)

ಗಿರಿ, 8:58
ಅಲ್ಲ, ತಾತ ಬೈಂಡ್ ಮಾಡಿಸಿದ್ದ ಚಂದಮಾಮ ಈಗ ಎಲ್ಲಿದೆ? ಕೆಂಪು ರಟ್ಟಿಂದು. ಆದ್ಯಂಗೆ ಕೊಡಬಹುದಿತ್ತು

ಸುಮತ್ತೆ, 8:58
ರದ್ದಿಗೆ ಹಾಕಿದ್ದು ನಾನಲ್ಲ.

ಗಿರಿ, 8:59
ನಿಮ್ಮನ್ನ ಯಾರಮ್ಮಾ ಕೇಳಿದ್ದು?

ಸುಮತ್ತೆ, 9:00
ಕೇಳ್ದೆ ಇದ್ರೂ ಎಲ್ಲರ ಮನಸ್ಸಲ್ಲೂ ಅದೇ ಇರೋದು. ಹತ್ತು ವರ್ಷದಿಂದ ನೋಡ್ತಿದೀನಿ.

ದೊಡ್ಡಪ್ಪ, 9:04
ಮನೆ ಪಾಲಾದಾಗ ಪುಸ್ತಕದ ಪೆಟ್ಟಿಗೆ ಯಾರ ಕೋಣೆಯಲ್ಲಿತ್ತು ಎಂಬುದು ಎಲ್ಲರಿಗೂ ಗೊತ್ತಿದೆ. ಹೆಸರು ಹೇಳುವುದಿಲ್ಲ.
- ಇಂತಿ, ದೊಡ್ಡಪ್ಪ

ಸುಮತ್ತೆ, 9:05
ನೋಡಿದ್ರಾ! ನೋಡಿದ್ರಾ! ನನ್ನ ಕೋಣೆಯಲ್ಲಿ ಇದ್ದದ್ದು ಅಕ್ಕಿ ಡ್ರಮ್ಮು, ಅಮ್ಮನ ಹೊಲಿಗೆ ಮಿಷನ್ನು. ಆ ಮಿಷನ್ನೂ ನನಗೆ ಬರ್ಲಿಲ್ಲ, ಅದು ಬೇರೆ ವಿಷಯ.

ರಘು ಭಾವ, 9:06
ಇದಕ್ಕಾದ್ರೂ ಸಾಕ್ಷಿ ಇದೆಯಾ ಮಾವ?

ವೀಣಕ್ಕ, 9:06
ರೀ, ನೀವು ಸುಮ್ನಿರಿ

ಶ್ರುತಿ, 9:10
ನಾನು ಕೇಳಿದ್ದು ಆರು ವರ್ಷದ ಮಗುಗೆ ಪುಸ್ತಕ...

*ಸುಮತ್ತೆ ಗುಂಪು ತೊರೆದರು*

(ಫೋನ್ ಮಾಡಿ ಸಮಾಧಾನ ಹೇಳಿ ಮತ್ತೆ ಸೇರಿಸಲು ನನಗೆ ನಲವತ್ತು ನಿಮಿಷ ಬೇಕಾಯಿತು. ಮಿಷನ್ನಿನ ಕಥೆ ಪೂರ್ತಿ ಕೇಳಿದೆ. ಸೇರಿದ ಕೂಡಲೇ ಬೆಂಡೆಕಾಯಿ ನೀರಿನಿಂದ ಶುಗರ್ ಹೋಗುವ ವಿಡಿಯೋ ಹಾಕಿದರು. ರಘು ಭಾವ ‘ಮೂಲ?’ ಎಂದರು. ಅಲ್ಲಿಗೆ ಎಲ್ಲ ಸರಿಹೋಯಿತು ಎಂದುಕೊಂಡೆ.)

ಶ್ರುತಿ, 18:25
ವೀಣಕ್ಕ, ಅಂಗಡಿಗೆ ಹೋಗಿದ್ವಿ. ನೀನು ಹೇಳಿದ ಹಾಗೇ ಬೆರಳು ಮಡಚಿಸಿದೆ. ಒಂದು ಹಡಗಿನ ಪುಸ್ತಕಕ್ಕೆ ಎರಡೇ ಮಡಚಿದ್ಲು, ಪಟಪಟ ಓದಿ ಮತ್ತೆ ರ‍್ಯಾಕಲ್ಲಿಟ್ಲು. ಇನ್ನೊಂದರಲ್ಲಿ ಒಂದೇ ಪುಟಕ್ಕೆ ಐದೂ ಮುಗಿದು ಎಡಗೈಗೆ ಬಂದ್ಲು. ಅದೇ ಬೇಕು ಅಂತ ಅಲ್ಲೇ ಕೂತ್ಬಿಟ್ಲು. ಬೆಕ್ಕಿನ ಕಥೆ ಅಕ್ಕ. ಪುಟಕ್ಕೆ ನಾಲ್ಕು ಸಲ ‘ಬೆಕ್ಕು’.

ವೀಣಕ್ಕ, 18:31
😄 ತಗೊಂಡ್ಯಾ?

ಶ್ರುತಿ, 18:31
ಎರಡೂ ತಗೊಂಡೆ. ಆಟೋದಲ್ಲಿ ಮನೆ ಬರೋ ಹೊತ್ತಿಗೆ ‘ಬೆಕ್ಕು’ ಸಿಕ್ಕಿದ ಕಡೆಯೆಲ್ಲ ಬೆರಳಿಟ್ಟು ಜೋರಾಗಿ ಕೂಗ್ತಿದ್ಲು. ಬೇರೆ ಪದ ಒಂದೂ ಓದಿಲ್ಲ. ಡ್ರೈವರೂ ಸೇರ್ಕೊಂಡ್ರು.

ಗಿರಿ, 18:40
ಬೆಕ್ಕು ಅಂದ್ರೆ ನೆನಪಾಯ್ತು, ನಮ್ಮ ಹಟ್ಟಿಯಲ್ಲಿ ಒಂದು ಕಪ್ಪು ಬೆಕ್ಕಿತ್ತಲ್ಲ...

ರಾತ್ರಿ 9:30ಕ್ಕೆ ದೊಡ್ಡಪ್ಪನಿಂದ ಮೆಸೇಜು ಬಂತು. ಗುಂಪಿಗಲ್ಲ, ನನಗೊಬ್ಬನಿಗೆ. ಒಂದು ಫೋಟೋ: ಅವರ ಮನೆಯ ಅಟ್ಟ, ತುಕ್ಕು ಹಿಡಿದ ಟ್ರಂಕು, ಅದರೊಳಗೆ ಕೆಂಪು ರಟ್ಟಿನ ನಾಲ್ಕು ಸಂಪುಟ. ಮೇಲಿನದಕ್ಕೆ ಗೆದ್ದಲು ತಿಂದು ಒಂದು ಮೂಲೆ ಇಲ್ಲ. ಬೆನ್ನ ಮೇಲೆ ತಾತನ ಕೈಬರಹದಲ್ಲಿ ‘ಚಂದಮಾಮ’.

‘ಇದನ್ನು ಗುಂಪಿಗೆ ಹಾಕಬೇಡ. ಬೆಂಗಳೂರಿಗೆ ಭದ್ರವಾಗಿ ಮುಟ್ಟಿಸುವ ಕೊರಿಯರ್ ಯಾವುದು? ಸುಮಳಿಗೆ ತಿಳಿಯಬಾರದು.
- ಇಂತಿ, ದೊಡ್ಡಪ್ಪ’

ಗುಂಪಿಗೆ ಹಾಕಿಲ್ಲ. ಇಲ್ಲಿ ಹಾಕಿದ್ದೇನೆ.