ಪದಚರ್ಚೆ: ‘ರೀಕಾಲ್’ಗೆ ಏನೆನ್ನೋಣ? ಮರುಕರೆ, ಹಿಂಪಡೆತ, ಅವಿಶ್ವಾಸ

ಪ್ರಶ್ನೆ (ಪುಣೆ):
ಗ್ರಾಮಪಂಚಾಯಿತಿ ಮತದಾರರಿಗಾಗಿ ಒಂದು ಮರಾಠಿ ಕೈಪಿಡಿ ಕನ್ನಡಕ್ಕೆ ಬರುತ್ತಿದೆ. ಸರಪಂಚರನ್ನು (ಪಂಚಾಯಿತಿ ಅಧ್ಯಕ್ಷರನ್ನು) ಅವಧಿಗೆ ಮೊದಲೇ ಇಳಿಸುವ ಭಾಗದಲ್ಲಿ ‘ಪರತ ಬೋಲಾವಣೆ’ (ಇಂಗ್ಲಿಷಿನ ರೀಕಾಲ್), ‘ಅವಿಶ್ವಾಸ ಠರಾವ’ (ಅವಿಶ್ವಾಸ ಗೊತ್ತುವಳಿ) ಎರಡೂ ಇವೆ. ಎರಡಕ್ಕೂ ‘ಅವಿಶ್ವಾಸ’ ಸಾಕೇ? ‘ರೀಕಾಲ್’ಗೆ ‘ಮರುಕರೆ’ ಸರಿಯೇ?

ಉತ್ತರ (ಮುಂಬಯಿ):
ಒಂದೇ ಪದ ಸಾಲದು ಸಾರ್. ಅವಿಶ್ವಾಸ ತರುವವರು ಸದಸ್ಯರು, ರೀಕಾಲ್ ಮಾಡುವವರು ಮತದಾರರು. ಇಳಿಸುವವರು ಯಾರು ಎಂಬುದೇ ಇಲ್ಲಿ ಮುಖ್ಯ, ಪದ ಅದನ್ನು ಮುಚ್ಚಬಾರದು. ‘ಮರುಕರೆ’ ಎಂದರೆ ಮತ್ತೊಮ್ಮೆ ಕರೆಯುವುದು. ಹೋದವರನ್ನು ಪುನಃ ಕುರ್ಚಿಗೆ ಕರೆದಂತಾಗಿ ಅರ್ಥ ತಿರುವುಮುರುವಾಗುತ್ತದೆ. ‘ಹಿಂಪಡೆತ’ ಎಂದರೆ ನಾಮಪತ್ರ ನೆನಪಾಗುತ್ತದೆ. ‘ಪದಚ್ಯುತಿ’ ಕೊನೆಯ ಫಲ ಮಾತ್ರ, ದಾರಿ ಯಾವುದು ಎಂದು ಹೇಳುವುದಿಲ್ಲ. ‘ವಾಪಸು ಕರೆಸಿಕೊಳ್ಳುವ ಹಕ್ಕು’ ಉದ್ದವಾದರೂ ಅದೇ ಇರಲಿ. ರಾಯಭಾರಿಯನ್ನು ಕಳಿಸಿದ ಸರ್ಕಾರವೇ ಅವನನ್ನು ವಾಪಸು ಕರೆಸಿಕೊಳ್ಳುತ್ತದೆ. ಕಳಿಸಿದವರಿಗೇ ಆ ಹಕ್ಕು ಎಂಬ ಭಾವ ಆ ಕ್ರಿಯಾಪದದಲ್ಲೇ ಇದೆ. ‘ಠರಾವು’ ನಮ್ಮ ಧಾರವಾಡ, ಬೆಳಗಾವಿ ಕಡೆಯ ಕನ್ನಡದಲ್ಲಿ ಮೊದಲಿಂದಲೂ ಇರುವ ಪದ. ‘ಗೊತ್ತುವಳಿ’ ಎಂದು ಬದಲಿಸುವ ಅಗತ್ಯವಿಲ್ಲ.

ಇನ್ನು ಮಹಾರಾಷ್ಟ್ರದ ತೊಡಕು. ಇಲ್ಲಿ ಸರಪಂಚರ ನೇರ ಚುನಾವಣೆ 2017ರಲ್ಲಿ ಬಂತು, 2020ರಲ್ಲಿ ಹೋಯಿತು, 2022ರಲ್ಲಿ ಮರಳಿತು. ನೇರವಾಗಿ ಆರಿಸಿಬಂದವರನ್ನು ಇಳಿಸಲು ಎರಡು ಮೆಟ್ಟಿಲು. ಕಾನೂನು ಹೇಳಿದಷ್ಟು ಸದಸ್ಯರು ಸೇರಿ ತಹಶೀಲ್ದಾರರಿಗೆ ನೋಟಿಸ್ ಕೊಡಬೇಕು. ಅವರು ಕರೆದ ಸಭೆಯಲ್ಲಿ ಮುಕ್ಕಾಲು ಪಾಲು ಸದಸ್ಯರು ಠರಾವು ಪಾಸು ಮಾಡಬೇಕು. ಆಮೇಲೆ ವಿಶೇಷ ಗ್ರಾಮಸಭೆ, ಅಲ್ಲಿ ಗುಪ್ತ ಮತದಾನ. ಆರಿಸಿಬಂದ ಮೊದಲ ಎರಡು ವರ್ಷ ಠರಾವು ತರುವಂತಿಲ್ಲ, ಅವಧಿಯ ಕೊನೆಯ ಆರು ತಿಂಗಳಲ್ಲೂ ಇಲ್ಲ. ಹಾಗಾಗಿ ಇದು ಪೂರ್ತಿ ಅವಿಶ್ವಾಸವೂ ಅಲ್ಲ, ಪೂರ್ತಿ ರೀಕಾಲೂ ಅಲ್ಲ: ಶುರು ಮಾಡುವವರು ಸದಸ್ಯರು, ಮುಗಿಸುವವರು ಊರಿನವರು. ಎರಡೂ ಹಂತಕ್ಕೆ ‘ಅಂಗೀಕಾರ’ ಎಂದು ಬರೆದರೆ ಸದಸ್ಯರ ಸಭೆ ಮುಗಿದ ಕೂಡಲೇ ಸರಪಂಚರು ಹೋದರು ಎಂದು ಓದುಗರು ತಿಳಿಯುತ್ತಾರೆ. ಮೊದಲನೆಯದಕ್ಕೆ ‘ಪಾಸಾಗುವುದು’, ಎರಡನೆಯದಕ್ಕೆ ‘ಗ್ರಾಮಸಭೆಯ ಮಂಜೂರಾತಿ’ ಎನ್ನಿ.

‘ಮುಕ್ಕಾಲು ಪಾಲು’ ಎಲ್ಲಿಯದು ಎಂಬುದನ್ನೂ ಬಿಡಿಸಿ ಬರೆಯಿರಿ. ಅದು ಹಾಜರಿದ್ದವರ ಮುಕ್ಕಾಲಲ್ಲ, ಕೂತು ಮತ ಹಾಕುವ ಹಕ್ಕಿರುವ ಒಟ್ಟು ಸದಸ್ಯರ ಮುಕ್ಕಾಲು. ಒಟ್ಟು 11 ಆದರೆ ಮುಕ್ಕಾಲು 8.25. ಅಂದರೆ 9 ಮತ ಬೇಕು. 8 ಬಿದ್ದರೆ ಠರಾವು ಬಿತ್ತು. ಅನುವಾದದಲ್ಲಿ ‘ಒಟ್ಟು’ ಎಂಬ ಒಂದು ಪದ ಜಾರಿದರೆ ಓದಿದವರ ಲೆಕ್ಕವೆಲ್ಲ ತಪ್ಪುತ್ತದೆ.

ಶುದ್ಧ ‘ವಾಪಸು ಕರೆಸಿಕೊಳ್ಳುವ’ ಮಾದರಿಗೆ ಹತ್ತಿರದ್ದು ಹರಿಯಾಣದ 2020ರ ತಿದ್ದುಪಡಿ: ಕಾನೂನು ಹೇಳಿದಷ್ಟು ಮತದಾರರು ಬರೆದುಕೊಟ್ಟರೆ ಪ್ರಕ್ರಿಯೆ ಶುರು, ಸರಪಂಚರು ಇಳಿಯಲು 67 ಪ್ರತಿಶತ ಮತ. ಮಧ್ಯಪ್ರದೇಶ, ಛತ್ತೀಸಗಢದ ನಗರಸಂಸ್ಥೆಗಳಲ್ಲಿ ಮತ ಹಾಕುವವರು ಜನರೇ, ಆದರೆ ಬಾಗಿಲು ತೆರೆಯುವವರು ಮುಕ್ಕಾಲು ಪಾಲು ಸದಸ್ಯರು. ಅಧ್ಯಕ್ಷರ ಮೇಲೆ ಸದಸ್ಯರಿಗೆ ಮುನಿಸಿದ್ದರೆ ಊರಿಗೇ ಚುನಾವಣೆಯ ಖರ್ಚು. ಸದಸ್ಯರಿಗೂ ಅಧ್ಯಕ್ಷರಿಗೂ ಚೆನ್ನಾಗಿದ್ದರೆ ಜನ ಎಷ್ಟು ಬೇಸತ್ತರೂ ಏನೂ ಆಗದು. ಅಂಥಲ್ಲಿ ‘ಮತದಾರರ ಹಕ್ಕು’ ಎಂದು ಬರೆಯುವುದು ತಪ್ಪು, ‘ಮತದಾರರ ತೀರ್ಪು’ ಎನ್ನಬಹುದು.

ಅಲ್ಲಿನ ಮತಪತ್ರದ ಚಿಹ್ನೆ ಮಾತ್ರ ಬಹಳ ಒಳ್ಳೆಯದು: ‘ಖಾಲಿ ಕುರ್ಸಿ’, ‘ಭರೀ ಕುರ್ಸಿ’. ಕುರ್ಚಿ ಖಾಲಿಯಿದ್ದರೆ ಅಧ್ಯಕ್ಷರು ಹೋಗಲಿ, ಆಳು ಕೂತಿದ್ದರೆ ಉಳಿಯಲಿ. ಇದೇ ಕೆಲಸಕ್ಕೆ ‘ಹೌದು/ಇಲ್ಲ’ ಇಟ್ಟರೆ ಗೊಂದಲ. ‘ವಿಶ್ವಾಸವಿದೆಯೇ?’ ಎಂಬುದಕ್ಕೆ ಹೌದು ಎಂದರೆ ಉಳಿಸು, ‘ವಾಪಸು ಕರೆಸಬೇಕೇ?’ ಎಂಬುದಕ್ಕೆ ಹೌದು ಎಂದರೆ ಇಳಿಸು. ಕೈಪಿಡಿಯಲ್ಲಿ ಮಾದರಿ ಮತಪತ್ರ ಹಾಕುವುದಾದರೆ ‘ಇಳಿಯಲಿ’, ‘ಉಳಿಯಲಿ’ ಎಂದೇ ಅಚ್ಚು ಮಾಡಿ. ಒಂದೇ ಅಕ್ಷರದ ವ್ಯತ್ಯಾಸ ಕಣ್ಣಿಗೆ ಮೋಸ ಮಾಡೀತು ಅನ್ನಿಸಿದರೆ ‘ಇಳಿಸಿ’, ‘ಮುಂದುವರಿಸಿ’ ಇನ್ನೂ ಲೇಸು.

ನಗರಸೇವಕರ (ಪಾಲಿಕೆ ಸದಸ್ಯರ) ವಿಷಯ ಆ ಭಾಗಕ್ಕೆ ಸೇರಿಸಬೇಡಿ. ಮುಂಬಯಿ, ಪುಣೆ ಪಾಲಿಕೆಗಳ ನಗರಸೇವಕರನ್ನು ಮತದಾರರು ನಡುವೆ ಇಳಿಸುವ ದಾರಿ ಕಾನೂನಿನಲ್ಲಿ ಇಲ್ಲ. 2022ರ ಮಾರ್ಚ್‌ನಲ್ಲಿ ಎರಡೂ ಕಡೆ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಪ್ರಶಾಸಕರೇ (ಸರ್ಕಾರ ನೇಮಿಸಿದ ಆಡಳಿತಾಧಿಕಾರಿಗಳೇ) ನಡೆಸಿದರು. ಆಗಂತೂ ವಾರ್ಡಿನ ಜನರಿಗೆ ಗದರಿಸಿ ಕೇಳಲು ಆರಿಸಿದವರೇ ಇರಲಿಲ್ಲ.

ಸೇರ್ಪಡೆ (ಗೋವಾ):
ಕೈಪಿಡಿಯ ಪ್ರತಿಗಳು ಜುವಾರಿನಗರದ ಕನ್ನಡಿಗರಿಗೂ ಬರುವುದಾದರೆ ಒಂದು ಸಾಲು ಸೇರಿಸಿ. ಇಲ್ಲಿ ಸರಪಂಚರನ್ನು ಆರಿಸುವವರೂ ಪಂಚರು (ಪಂಚಾಯಿತಿ ಸದಸ್ಯರು), ಅವಿಶ್ವಾಸ ತಂದು ಇಳಿಸುವವರೂ ಪಂಚರು. ಇಳಿದವರು ಸರಪಂಚ ಸ್ಥಾನ ಕಳೆದುಕೊಂಡರೂ ತಮ್ಮ ವಾರ್ಡಿನ ಪಂಚರಾಗಿ ಉಳಿಯುತ್ತಾರೆ. ಆದ್ದರಿಂದ ಗೋವಾದ ಮಟ್ಟಿಗೆ ‘ವಾಪಸು ಕರೆಸಿಕೊಂಡರು’ ಎಂಬ ಮಾತು ಎಲ್ಲೂ ಬಾರದಿರಲಿ. ‘ಅವಿಶ್ವಾಸದಿಂದ ಇಳಿಸಿದರು’ ಎಂದಷ್ಟೇ ಬರೆಯಿರಿ.