ಹಳೆಯ ಕೌಬಾಯ್ ಸಿನಿಮಾಗಳನ್ನು ಮಗಳಿಗೆ ಹೇಗೆ ತೋರಿಸಲಿ? ಅನುಭವ ಹೇಳಿ

ಮಗಳು ಒಂಬತ್ತನೇ ಕ್ಲಾಸು. ಅವಳ ತಾತ ಬೆಂಗಳೂರಿನ ಪ್ಲಾಜಾ ಟಾಕೀಸಿನಲ್ಲಿ ನೋಡಿದ ಕೌಬಾಯ್ ಸಿನಿಮಾಗಳನ್ನು ಅವಳಿಗೂ ತೋರಿಸಬೇಕು ಅಂತಾರೆ. ನನಗೂ ಆಸೆ ಇದೆ. ಆದರೆ ಅಲ್ಲಿ ಅಮೆರಿಕದ ಮೂಲನಿವಾಸಿಗಳು ಕೂಗುತ್ತಾ ಬರುತ್ತಾರೆ, ಗುಂಡು ತಿಂದು ಬೀಳುತ್ತಾರೆ, ಅಷ್ಟೆ. ಕಪ್ಪು ಜನ ಕಾಣುವುದೇ ಅಪರೂಪ. ಮಕ್ಕಳ ಜೊತೆ ನೋಡಿದವರು ಏನು ಮಾಡಿದಿರಿ?

ಧಾರವಾಡದಿಂದ:
ಖಂಡಿತ ತೋರಿಸಿ. ನಾನು ಮಗನ ಜೊತೆ ಕೂತಾಗ ಒಂದೇ ವಿಷಯ ಕೇಳುತ್ತಿದ್ದೆ: ಈ ಪಾತ್ರ ಮಾಡಿದವರು ಯಾರು, ಅವರಿಗೆ ಮಾತು ಎಷ್ಟಿದೆ? ಅದರಿಂದಲೇ ಅರ್ಧ ಕೆಲಸ ಆಗುತ್ತದೆ.

‘ಸ್ಟೇಜ್‌ಕೋಚ್’ (1939) ಸಿನಿಮಾದಲ್ಲಿ ಅಪಾಚೆ ಬುಡಕಟ್ಟಿನ ಮೂಲನಿವಾಸಿಗಳು ಗಾಡಿಯನ್ನು ಅಟ್ಟಿಸಿಕೊಂಡು ಬರುವ ದೃಶ್ಯ ಇವತ್ತಿಗೂ ಮೈ ಜುಮ್ಮೆನ್ನಿಸುತ್ತದೆ. ಆದರೆ ಕುದುರೆಗಳ ಕಾಲಡಿಗೆ ಬೀಳುವ ಆ ‘ಅಪಾಚೆ’ ಬಿಳಿಯ ಸ್ಟಂಟ್‌ಮನ್ ಯಾಕಿಮಾ ಕನಟ್. ‘ಬ್ರೋಕನ್ ಆ್ಯರೋ’ (1950) ಮೂಲನಿವಾಸಿಗಳ ಪರ ನಿಂತ ಸಿನಿಮಾ ಅಂತ ಹೆಸರಾಯಿತು. ಅಲ್ಲಿ ಶಾಂತಿ ಬಯಸುವ ಅಪಾಚೆ ನಾಯಕ ಕೊಚೀಸ್ ಆಗಿದ್ದು ನ್ಯೂಯಾರ್ಕ್‌ನ ಬ್ರೂಕ್ಲಿನ್‌ನ ಬಿಳಿಯ ನಟ ಜೆಫ್ ಚಾಂಡ್ಲರ್. ನಿಜವಾಗಿಯೂ ಮೂಲನಿವಾಸಿಯಾದ, ಮೊಹಾಕ್ ಬುಡಕಟ್ಟಿನ ನಟ ಜೇ ಸಿಲ್ವರ್‌ಹೀಲ್ಸ್‌ಗೆ ಸಿಕ್ಕಿದ್ದು ಶಾಂತಿ ಒಪ್ಪದ ಜೆರೊನಿಮೋನ ಚಿಕ್ಕ ಪಾತ್ರ. ಮಗನಿಗೆ ಇದು ತಟ್ಟನೆ ಅರ್ಥವಾಯಿತು.

‘ದಿ ಸರ್ಚರ್ಸ್’ (1956) ಸಿನಿಮಾಕ್ಕೆ ಮಾತ್ರ ಸಮಯ ಇಟ್ಟುಕೊಳ್ಳಿ. ಕೊಮಾಂಚೆ ನಾಯಕ ಸ್ಕಾರ್ ಆಗಿರುವುದು ಜರ್ಮನಿಯಲ್ಲಿ ಹುಟ್ಟಿದ ಹೆನ್ರಿ ಬ್ರ್ಯಾಂಡನ್. ಲುಕ್ ಅನ್ನುವ ಮೂಲನಿವಾಸಿ ಹೆಂಗಸನ್ನು ಒದ್ದು ಇಳಿಜಾರಿನಲ್ಲಿ ಉರುಳಿಸುವ ದೃಶ್ಯವನ್ನು ನಗಿಸಲೆಂದೇ ಇಟ್ಟಿದ್ದಾರೆ. ನಾನು ಅಲ್ಲಿ ಸಿನಿಮಾ ನಿಲ್ಲಿಸಿ ಮಾತಾಡಿದೆ. ಮುಂದೆ ಸೈನಿಕರು ನುಗ್ಗಿ ಹಾಳು ಮಾಡಿದ ಶಿಬಿರದಲ್ಲಿ ಅದೇ ಹೆಂಗಸು ಸತ್ತು ಬಿದ್ದಿರುತ್ತಾಳೆ. ನಾಯಕ ನಟ ಜಾನ್ ವೇಯ್ನ್ ಪಾತ್ರ ತನ್ನ ಸೋದರನ ಮಗಳನ್ನೇ ಕೊಲ್ಲಲು ಹೊರಡುತ್ತದೆ, ಅವಳು ಕೊಮಾಂಚೆಗಳ ನಡುವೆ ಬೆಳೆದಳು ಅನ್ನುವ ಒಂದೇ ಕಾರಣಕ್ಕೆ. ಈ ದ್ವೇಷ ಎಷ್ಟು ಕೊಳಕು ಅಂತ ಸಿನಿಮಾಕ್ಕೆ ಗೊತ್ತಿದೆ. ಆದರೂ ಲುಕ್‌ಳನ್ನು ನೋಡಿ ನಗಿ ಅನ್ನುತ್ತದೆ. ಎರಡೂ ಒಂದೇ ಸಿನಿಮಾದಲ್ಲಿವೆ ಅನ್ನುವುದನ್ನು ಹದಿನಾಲ್ಕರ ಮಕ್ಕಳು ಚೆನ್ನಾಗಿಯೇ ಹಿಡಿಯುತ್ತಾರೆ, ನಮಗಿಂತ ಜಾಸ್ತಿ.

ಮೈಸೂರಿನಿಂದ:
ಕಪ್ಪು ಜನರ ವಿಷಯಕ್ಕೆ ಒಂದು ಮಾತು. ಈ ಕಥೆಗಳು ನಡೆಯುವ ಕಾಲದ ನಿಜವಾದ ಕೌಬಾಯ್‌ಗಳಲ್ಲಿ ನಾಲ್ವರಲ್ಲಿ ಒಬ್ಬರು ಕಪ್ಪು ಜನ ಇದ್ದಿರಬಹುದು ಅಂತ ಇತಿಹಾಸಕಾರರು ಅಂದಾಜು ಮಾಡುತ್ತಾರೆ. ಹಾಲಿವುಡ್ಡಿನ ಪರದೆಯ ಮೇಲೆ ಅವರನ್ನು ಹುಡುಕಬೇಕು. 1930ರ ದಶಕದಲ್ಲೇ ಹರ್ಬ್ ಜೆಫ್ರೀಸ್ ಹಾಡುವ ಕೌಬಾಯ್ ಆಗಿದ್ದರು, ಆದರೆ ಆ ಸಿನಿಮಾಗಳು ಕಪ್ಪು ಪ್ರೇಕ್ಷಕರಿಗೆಂದೇ ಬೇರೆಯಾಗಿ ತಯಾರಾದವು. ‘ಸಾರ್ಜೆಂಟ್ ರಟ್ಲೆಜ್’ (1960) ಕಥೆಯ ಜೀವ ಕಪ್ಪು ನಟ ವುಡಿ ಸ್ಟ್ರೋಡ್. ಆದರೂ ಪರದೆಯ ಮೇಲೆ ಮೊದಲು ಬರುವ ಹೆಸರು ಬಿಳಿಯ ನಟ ಜೆಫ್ರಿ ಹಂಟರ್‌ದು. ಕಥೆಯಲ್ಲಿ ಅತ್ಯಾಚಾರದ ಆರೋಪ ಇದೆ, ಹಾಗಾಗಿ ಮೊದಲು ನೀವು ನೋಡಿ. ಮಗಳ ಜೊತೆ ಕಪ್ಪು ನಟ ಸಿಡ್ನಿ ಪೊಯ್ಟಿಯೆ ನಿರ್ದೇಶಿಸಿದ ‘ಬಕ್ ಆ್ಯಂಡ್ ದಿ ಪ್ರೀಚರ್’ (1972) ನೋಡಬಹುದು. ಗುಲಾಮಗಿರಿಯಿಂದ ಬಿಡುಗಡೆಯಾದವರು ಪಶ್ಚಿಮಕ್ಕೆ ಗಾಡಿ ಕಟ್ಟಿಕೊಂಡು ಹೋಗುವ ಕಥೆ. ಕುದುರೆ, ಬಂದೂಕು, ಮರುಭೂಮಿ ಎಲ್ಲ ಇದೆ. ತಾತನಿಗೂ ಇಷ್ಟ ಆಗುತ್ತದೆ.

ಅಮೆರಿಕದ ಫೀನಿಕ್ಸ್‌ನಿಂದ:
ನಾವು ಇಲ್ಲಿಂದ ಮಕ್ಕಳನ್ನು ಇಂಥ ಎಷ್ಟೋ ಸಿನಿಮಾಗಳ ಶೂಟಿಂಗ್ ನಡೆದ ಮಾನ್ಯುಮೆಂಟ್ ವ್ಯಾಲಿಗೆ ಕರೆದುಕೊಂಡು ಹೋಗಿದ್ದೆವು. ಆ ಕೆಂಪು ಬಂಡೆಗಳು ಇರುವುದು ನವಾಹೋ ಮೂಲನಿವಾಸಿಗಳ ನೆಲದಲ್ಲಿ. ಉದ್ಯಾನವನ್ನು ನಡೆಸುವವರೂ ಅವರೇ. ಸಿನಿಮಾಗಳಲ್ಲಿ ಅದೇ ಜಾಗ ಟೆಕ್ಸಾಸ್ ಆಗುತ್ತದೆ, ನವಾಹೋ ಜನ ಅಪಾಚೆ, ಕೊಮಾಂಚೆ, ಶಯೆನ್ ಎಲ್ಲವೂ ಆಗುತ್ತಾರೆ. ಶೂಟಿಂಗ್‌ನಿಂದ ಬಡತನದ ಕಾಲದಲ್ಲಿ ಅವರಿಗೆ ಕೂಲಿ ಸಿಕ್ಕಿತು, ಅದನ್ನೂ ಮಕ್ಕಳಿಗೆ ಹೇಳಿ. ಆದರೆ ‘ಶಯೆನ್ ಆಟಮ್’ (1964) ಮಾಡುವಾಗಲೂ ದೊಡ್ಡ ಪಾತ್ರಗಳು ಹೋಗಿದ್ದು ಮೂಲನಿವಾಸಿಗಳಲ್ಲದ ರಿಕಾರ್ಡೊ ಮೊಂಟಲ್ಬಾನ್, ಸಾಲ್ ಮಿನಿಯೊ ಅಂಥವರಿಗೆ. ಮೂಲನಿವಾಸಿಗಳು ಹಿಂದೆ ಗುಂಪಿನಲ್ಲಿ ನಿಂತರು. ನನಗೆ ಇದು ಎಲ್ಲಕ್ಕಿಂತ ಬೇಜಾರು ತರಿಸುವ ವಿಷಯ.

ಶಿವಮೊಗ್ಗದಿಂದ:
ಮಗಳು ಅಂದಿದ್ದೀರಲ್ವಾ, ಹಾಗಾದರೆ ‘ಹೈ ನೂನ್’ (1952) ಮೊದಲು. 85 ನಿಮಿಷ, ಎಲ್ಲೂ ಎಳೆಯುವುದಿಲ್ಲ. ಮೆಕ್ಸಿಕೋದ ಕೇಟಿ ಹುರಾಡೊ ಅದರಲ್ಲಿ ಸ್ವಂತ ವ್ಯಾಪಾರ ಇರುವ ಹೆಂಗಸು. ಊರಿನ ಗಂಡಸರಿಗೆ ಇಲ್ಲದ ಸ್ಪಷ್ಟತೆ ಅವಳಿಗಿದೆ. ಈ ಪಾತ್ರಕ್ಕೆ ಅವರಿಗೆ ಗೋಲ್ಡನ್ ಗ್ಲೋಬ್ ಬಂತು. ಅವಳು ಮತ್ತು ಗ್ರೇಸ್ ಕೆಲ್ಲಿ ಎದುರುಬದುರು ಮಾತಾಡುವ ದೃಶ್ಯ ಬಂದಾಗ ತಾತನಿಗೆ ಸ್ವಲ್ಪ ಸುಮ್ನಿರಲು ಹೇಳಿ. ಅದನ್ನು ಮಗಳು ತಾನೇ ನೋಡಲಿ.