ರಿಪೋರ್ಟಿನಲ್ಲಿ ಐಜಿಜಿ ಪಕ್ಕ ‘ಲೋ’ ಅಂತಿದೆ, ಗಾಬರಿ ಬೀಳಬೇಕಾ?

ಪ್ರಶ್ನೆ (ತಾಯಿ): ಡಾಕ್ಟ್ರೇ ನಮಸ್ತೆ. ಮಗನಿಗೆ 14 ತಿಂಗಳು. ಎರಡು ಸಲ ಕಿವಿ ಸೋರಿತ್ತು, ಒಂದು ಸಲ ನ್ಯುಮೋನಿಯಾ ಆಯ್ತು. ತೂಕ ಚೆನ್ನಾಗಿದೆ. ರಕ್ತ ಪರೀಕ್ಷೆಯಲ್ಲಿ ಸೋಂಕಿನ ವಿರುದ್ಧ ಹೋರಾಡುವ ಆ್ಯಂಟಿಬಾಡಿಗಳಾದ ಐಜಿಜಿ 290, ಐಜಿಎ 22, ಐಜಿಎಂ 70 ಬಂದಿದೆ. ಮೊದಲೆರಡಕ್ಕೂ ‘ಲೋ’ ಗುರುತು. ಐಜಿಜಿ ನಾರ್ಮಲ್ 700ರಿಂದ 1600 ಅಂತ ಬರೆದಿದ್ದಾರೆ. ಐವಿಐಜಿ (ದಾನಿಗಳ ರಕ್ತದಿಂದ ತೆಗೆದ ಆ್ಯಂಟಿಬಾಡಿಯ ಡ್ರಿಪ್) ಹಾಕಿಸಬೇಕಾ?

ಉತ್ತರ (ಮಕ್ಕಳ ರೋಗನಿರೋಧಕ ತಜ್ಞೆ): 700–1600 ದೊಡ್ಡವರ ಅಳತೆ ಅಮ್ಮಾ. ನಿಮ್ಮ ಮಗುವಿನ ವಯಸ್ಸಿಗೆ ಅದು ಸಲ್ಲದು. ಗರ್ಭದ ಕೊನೆಯ ಮೂರು ತಿಂಗಳಲ್ಲಿ ತಾಯಿಯ ಐಜಿಜಿ ಮಗುವಿಗೆ ಬರುತ್ತದೆ. ಹುಟ್ಟಿದ ಮೇಲೆ ಸುಮಾರು ಮೂರು ವಾರಕ್ಕೊಮ್ಮೆ ಅದು ಅರ್ಧಕ್ಕರ್ಧ ಇಳಿಯುತ್ತದೆ, ಮಗುವಿನ ಸ್ವಂತ ತಯಾರಿಕೆಯೋ ನಿಧಾನ. ಹಾಗಾಗಿ 3ರಿಂದ 6 ತಿಂಗಳ ನಡುವೆ ಮಟ್ಟ ತಳ ಮುಟ್ಟಿ, ಆಮೇಲೆ ಮೆಲ್ಲಗೆ ಏರುತ್ತದೆ. ವರ್ಷ ದಾಟಿದ ಮಗುವಿಗೆ ಐಜಿಜಿಯ ಕೆಳಮಿತಿ ಸುಮಾರು 350. ನಿಮ್ಮ ಮಗುವಿನದು ತುಸು ಕಡಿಮೆ, ಉಳಿದೆರಡೂ ವಯಸ್ಸಿಗೆ ಸರಿಯಾಗಿವೆ.

ಪ್ರಮಾಣಕ್ಕಿಂತ ಮುಖ್ಯವಾದದ್ದು ಇರುವ ಆ್ಯಂಟಿಬಾಡಿ ಕೆಲಸ ಮಾಡುತ್ತಿದೆಯೇ ಎಂಬುದು. 6, 10, 14ನೇ ವಾರದಲ್ಲಿ ಟೆಟನಸ್ ಸೇರಿ ಐದು ರೋಗಗಳ ಪೆಂಟಾವೇಲೆಂಟ್ ಲಸಿಕೆ ಆಗಿದೆಯಲ್ಲ, ಅದಕ್ಕೆ ದೇಹ ಸ್ಪಂದಿಸಿದೆಯೇ ಎಂದು ಟೆಟನಸ್ ಆ್ಯಂಟಿಬಾಡಿ ನೋಡಿಸಿ. ಕಡಿಮೆ ಬಂದರೆ ಬೂಸ್ಟರ್ ಕೊಟ್ಟು ನಾಲ್ಕು ವಾರದ ನಂತರ ಮತ್ತೆ ನೋಡಬೇಕು. ಏರಿದರೆ ನಿರಾಳ. ಏರದಿದ್ದರೆ ಮಾತ್ರ ಚಿಕಿತ್ಸೆಯ ಮಾತು.

ಜೊತೆಗೆ ಹಳೆಯ ಸಿಬಿಸಿ (ರಕ್ತಕಣಗಳ ಎಣಿಕೆ) ತೆಗೆದು ಲಿಂಫೋಸೈಟ್ (ಸೋಂಕು ತಡೆಯುವ ಒಂದು ಬಗೆಯ ಬಿಳಿ ಕಣ) ಲೆಕ್ಕ ಹಾಕಿ: ಒಟ್ಟು ಬಿಳಿ ಕಣ 9,000, ಲಿಂಫೋಸೈಟ್ ಶೇ. 55 ಇದ್ದರೆ 4,950. ವರ್ಷದೊಳಗಿನ ಸಿಬಿಸಿಯಲ್ಲಿ ಇದು 3,000ಕ್ಕಿಂತ ಕಡಿಮೆ ಇದ್ದಿದ್ದರೆ ತಡಮಾಡದೆ ತೋರಿಸಿ. ಆ್ಯಂಟಿಬಾಡಿ ತಯಾರಿಸುವ ಬಿ-ಕಣಗಳ (ಸಿಡಿ19) ಎಣಿಕೆಯೂ ಬೇಕು. ಗಂಡುಮಗುವಿನಲ್ಲಿ ಅದು ಲಿಂಫೋಸೈಟ್‌ಗಳ ಶೇ. 2ಕ್ಕಿಂತ ಕಡಿಮೆ ಇದ್ದು ಟಾನ್ಸಿಲ್ ಕಾಣದಂತಿದ್ದರೆ, 1952ರಲ್ಲಿ ಅಮೆರಿಕದ ವೈದ್ಯ ಬ್ರೂಟನ್ ಗುರುತಿಸಿದ, ಆ್ಯಂಟಿಬಾಡಿಯೇ ತಯಾರಾಗದ ಹುಟ್ಟುಕಾಯಿಲೆಯನ್ನು ಹುಡುಕಬೇಕಾಗುತ್ತದೆ. ಆಲ್ಬುಮಿನ್ (ರಕ್ತದ ಮುಖ್ಯ ಪ್ರೋಟೀನ್) ಮತ್ತು ಮೂತ್ರದ ಪ್ರೋಟೀನ್ ಪರೀಕ್ಷೆಯನ್ನೂ ಬಿಡಬೇಡಿ: ಕಿಡ್ನಿಯಲ್ಲೋ ಕರುಳಲ್ಲೋ ಪ್ರೋಟೀನ್ ಸೋರಿದರೂ ಐಜಿಜಿ ಇಳಿಯುತ್ತದೆ.

ಇವೆಲ್ಲ ಸರಿಯಿದ್ದರೆ ಮೂರು ತಿಂಗಳ ಬಳಿಕ ಐಜಿಜಿ ಮತ್ತೆ ಮಾಡಿಸಿ. ಬಹಳಷ್ಟು ಮಕ್ಕಳಲ್ಲಿ 2–4 ವರ್ಷದೊಳಗೆ ತಾನಾಗಿ ಏರುತ್ತದೆ. ಕಣಗಳ ಎಣಿಕೆ ಬರುವವರೆಗೆ ಪೋಲಿಯೋ ಹನಿ, ಎಂಎಂಆರ್‌ನಂಥ ಜೀವಂತ ಲಸಿಕೆ ಕೊಡಿಸಬೇಡಿ, ಉಳಿದವು ನಿಲ್ಲಬಾರದು.

ಐವಿಐಜಿಗೆ ದಯವಿಟ್ಟು ಆತುರ ಪಡಬೇಡಿ. ಒಮ್ಮೆ ಹಾಕಿದ ಮೇಲೆ ತಿಂಗಳುಗಟ್ಟಲೆ ಪರೀಕ್ಷೆಯಲ್ಲಿ ಕಾಣುವುದು ದಾನಿಗಳ ಆ್ಯಂಟಿಬಾಡಿ, ಮಗುವಿನದಲ್ಲ.

ಪ್ರಶ್ನೆ (ಇನ್ನೊಬ್ಬರು): ಮೇಡಂ, ಮಗಳಿಗೆ 6 ವರ್ಷ, ಐಜಿಎ 7ಕ್ಕಿಂತ ಕಡಿಮೆ, ಉಳಿದವು ಸರಿ. ಬೆಳವಣಿಗೆ ಕುಂಠಿತ. ಸೀಲಿಯಾಕ್ (ಗೋಧಿ ಒಗ್ಗದ ಕರುಳಿನ ಕಾಯಿಲೆ) ಟೆಸ್ಟ್ ನೆಗೆಟಿವ್ ಬಂತು.

ಉತ್ತರ: ಆ ನೆಗೆಟಿವ್ ನಂಬಬೇಡಿ. ಸೀಲಿಯಾಕ್‌ಗೆ ಮಾಡುವ ಟಿಟಿಜಿ-ಐಜಿಎ ಪರೀಕ್ಷೆ ಹುಡುಕುವುದೇ ಐಜಿಎ ಬಗೆಯ ಆ್ಯಂಟಿಬಾಡಿಯನ್ನು. ಐಜಿಎ ಇಲ್ಲದ ಮಗುವಿನಲ್ಲಿ ಅದು ಹೇಗೆ ಸಿಕ್ಕೀತು? ಐಜಿಜಿ ಬಗೆಯನ್ನು ಹುಡುಕುವ ಟಿಟಿಜಿ-ಐಜಿಜಿ ಅಥವಾ ಡಿಜಿಪಿ-ಐಜಿಜಿ ಪರೀಕ್ಷೆ ಮಾಡಿಸಿ. ಅಲ್ಲಿವರೆಗೆ ಗೋಧಿ ಬಿಡಿಸಬಾರದು. ಮುದ್ದೆ, ಅನ್ನವೇ ಹೆಚ್ಚು ಉಣ್ಣುವ ಮನೆಯಾದರೆ ಅದನ್ನೂ ವೈದ್ಯರಿಗೆ ಹೇಳಿ. ಗೋಧಿ ತಿನ್ನದ ಮಗುವಿನಲ್ಲಿ ಯಾವ ಟೆಸ್ಟೂ ಸುಳ್ಳು ನೆಗೆಟಿವ್ ಬರಬಹುದು. ಬರೀ ಐಜಿಎ ಕೊರತೆಗೆ ಐವಿಐಜಿ ಬೇಕಿಲ್ಲ, ಹಲವರಿಗೆ ಜೀವನವಿಡೀ ತೊಂದರೆಯೇ ಆಗುವುದಿಲ್ಲ.

ಪ್ರಶ್ನೆ: ನಮ್ಮ ಮಗುವಿಗೆ ಐಜಿಇ (ಅಲರ್ಜಿಗೆ ಸಂಬಂಧಿಸಿದ ಆ್ಯಂಟಿಬಾಡಿ) 1,800 ಇದೆ ಮೇಡಂ.

ಉತ್ತರ: ಅಲರ್ಜಿ, ಎಸ್ಜಿಮಾ, ಜಂತುಹುಳ ಇದ್ದರೆ ಇಷ್ಟು ಏರುವುದುಂಟು. ಪದೇ ಪದೇ ಚರ್ಮದಲ್ಲಿ ಕೀವುಗಡ್ಡೆ, ಶ್ವಾಸಕೋಶದ ಸೋಂಕು ಎರಡೂ ಇದ್ದರೆ ಮಾತ್ರ ಬೇಗ ತೋರಿಸಿ.